ಮೂವತ್ತೊಂದೂ ಮುಕ್ಕಾಲು

ನಮ್ಮೂರಿನಲ್ಲಿ ದರ ಬದಲಾಗುವುದಿಲ್ಲ, ತೂಕ ಬದಲಾಗುತ್ತದೆ. ಹುಣಸೆಹಣ್ಣಿನ ದರ ನಾನು ಹುಟ್ಟಿದಾಗ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಆದರೆ ಯುಗಾದಿಗೆ ಮೂವತ್ತು ಕಿಲೋ ತೂಗಿದ ಚೀಲ, ಬಾಯಿಯ ಹೊಲಿಗೆ ಬಿಚ್ಚದೆ ಮೂಲೆಯಲ್ಲಿ ಇಟ್ಟಿದ್ದರೂ, ಶ್ರಾವಣದ ಹೊತ್ತಿಗೆ ನಲವತ್ತು ತೂಗಬಹುದು. ಇಪ್ಪತ್ತೆಂಟೂ ತೂಗಬಹುದು. ಚೀಲವೊಂದೇ ಅಲ್ಲ, ಎಲ್ಲವೂ ಹಾಗೆಯೇ. ಭಾರದ ತಿಂಗಳುಗಳಲ್ಲಿ ಹೆಂಗಸರು ಬೆಂಡೋಲಿ ಬಿಚ್ಚಿ ಡಬ್ಬಿಯಲ್ಲಿ ಇಡುತ್ತಾರೆ, ಇಲ್ಲವಾದರೆ ಕಿವಿ ಹರಿಯುತ್ತದೆ. ಕೊಡ ಅರ್ಧ ತುಂಬಿಸಿ ಎರಡು ಸಲ ಹೋಗುತ್ತಾರೆ. ಹಗ್ಗದ ಮಂಚಗಳು ನೆಲ ಮುಟ್ಟುತ್ತವೆ. ಹಗುರ ದಿನಗಳು ಬಂದರೆ ಶಾಲೆಯ ಹುಡುಗಿಯರು ಕಾಂಪೌಂಡು ಹಾರಿ ಮನೆಗೆ ಬರುತ್ತಾರೆ, ಮುದುಕರು ಕೋಲು ಬಿಟ್ಟು ನಡೆಯುತ್ತಾರೆ. ಊರ ಗಡಿ ದಾಟಿದ ಮೇಲೆ ಚೀಲ ಎಷ್ಟು ತೂಗುತ್ತದೆ ಎಂದು ನಾವು ಲಾರಿಯವರನ್ನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಪೇಟೆಯ ಕಮಾನಿನ ಕೆಳಗೆ ಒಂದು ಸ್ಪ್ರಿಂಗ್ ತಕ್ಕಡಿ ತೂಗುತ್ತದೆ. ಅದಕ್ಕೆಂದೇ ಇರುವ ಒಂದು ಕರಿಕಲ್ಲನ್ನು ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಹಮಾಲರ ಹಿರಿಯ ಮಹಿಬೂಬಸಾಬ ಎತ್ತಿ ಕೊಕ್ಕೆಗೆ ಹಾಕುತ್ತಾನೆ. ತಕ್ಕಡಿಯ ಮುಖ ಗೋಡೆಯ ಕಡೆಗಿದೆ. ಗೋಡೆಗೂ ತಕ್ಕಡಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ನಿಂತವರು ಮುಳ್ಳನ್ನು ಓದಿ ಪೇಟೆಗೆಲ್ಲ ಕೇಳುವಂತೆ ಒಂದೇ ಸಲ ಕೂಗಬೇಕು. ಎರಡನೆಯ ಸಲ ಕೇಳುವ ಪದ್ಧತಿ ಇಲ್ಲ. ಬೇರೊಬ್ಬರು ಹೋಗಿ ಇಣುಕುವ ಪದ್ಧತಿಯೂ ಇಲ್ಲ. ಕೂಗಿದ್ದು ಕೂಗಿದ್ದೇ. ಹದಿನಾರು ವರ್ಷ ಹಾಗೆ ಕೂಗಿದವಳು ನಾನು, ನೀಲಾಂಬಿಕಾ.

ನನಗಿಂತ ಮುಂಚೆ ಕೂಗುತ್ತಿದ್ದವರು ಗುರುಪಾದ ಮಾಸ್ತರರು. ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ನಾನು ಬಿ.ಎಸ್ಸಿ. ಮುಗಿಸಿ ಬಂದು ಕೆಲಸವಿಲ್ಲದೆ ಕುಳಿತಿದ್ದಾಗ ಕರೆದು ಆ ಜಾಗದಲ್ಲಿ ನಿಲ್ಲಿಸಿದರು. ನಿಯಮವೂ ಅವರದೇ. ಕೊಳ್ಳುವ ದಿನದ ತೂಕಕ್ಕೆ ದುಡ್ಡು ಕೊಟ್ಟು, ಮಾರುವ ದಿನದ ತೂಕಕ್ಕೆ ದುಡ್ಡು ಪಡೆಯುವುದು ನಮ್ಮೂರಿನ ವ್ಯಾಪಾರ. ಹಗುರವಾಗಿದ್ದಾಗ ಕೊಳ್ಳಬೇಕು, ಭಾರವಾದಾಗ ಮಾರಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ಇವತ್ತಿಗಿಂತ ನಾಳೆ ಇನ್ನೂ ಹಗುರವೋ, ಇನ್ನೂ ಭಾರವೋ ಎಂದು ಯಾರಿಗೂ ಗೊತ್ತಿಲ್ಲ. ಮಾಸ್ತರರು ಊಹೆ ಮಾಡುವುದನ್ನೇ ಬಿಟ್ಟರು. ಹಿಂದಿನ ಐವತ್ತು ದಿನಗಳಲ್ಲಿ ಎಂದೂ ತೂಗದಷ್ಟು ಹೆಚ್ಚು ಕಲ್ಲು ತೂಗಿದ ದಿನ ಕೊಂಡು ತುಂಬಬೇಕು. ಇಪ್ಪತ್ತು ದಿನಗಳಲ್ಲಿ ಎಂದೂ ತೂಗದಷ್ಟು ಕಡಿಮೆ ತೂಗಿದ ದಿನ ಬಾಗಿಲು ತೆಗೆದು ಎಲ್ಲವನ್ನೂ ಮಾರಬೇಕು. ಎಂದಿಗೂ ಇದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಇಷ್ಟೇ ನಿಯಮ. ಪೇಟೆಯಲ್ಲಿ ಅದಕ್ಕೆ 'ತುಂಬು' ಮತ್ತು 'ತೆರೆ' ಎಂದು ಎರಡೇ ಮಾತು.

"ತಳದಾಗ ಕೊಂಡೆ, ತುದಿಯಾಗ ಮಾರಿದೆ ಅನ್ನಾವ ಸುಳ್ಳ," ಎನ್ನುತ್ತಿದ್ದರು ಮಾಸ್ತರರು. "ನಾವು ನಡುವಿನ ತುಂಡಷ್ಟ ತಿನ್ನಾವರು. ತಲಿನೂ ಬ್ಯಾಡ, ಬಾಲನೂ ಬ್ಯಾಡ. ಅಲ್ಲಿ ನಿಂತಾಗ ಓದು ನೀಲಾ, ವಿಚಾರ ಮಾಡಬ್ಯಾಡ."

ನಾನು ವಿಚಾರ ಮಾಡುವವಳೇ. ಮನೆಯಿಂದ ಹೊರಟ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ತಿರುಗಿ ಹೋಗುವವಳು. ಆದರೆ ಆ ಇಕ್ಕಟ್ಟಿನಲ್ಲಿ ನಿಂತಾಗ ಮಾತ್ರ ನನ್ನ ಮನಸ್ಸು ಸುಮ್ಮನಿರುತ್ತಿತ್ತು. ಮುಳ್ಳು ಎಲ್ಲಿ ನಿಂತಿದೆಯೋ ಅದನ್ನು ಹೇಳಿದರೆ ಮುಗಿಯಿತು. ನನ್ನ ಇಡೀ ದಿನದಲ್ಲಿ ನಾನು ಹೊಣೆಯಲ್ಲದ ಗಳಿಗೆ ಅದೊಂದೇ ಆಗಿತ್ತು.

ಮಾಸ್ತರರ ಕಾಲದಲ್ಲಿ ತೂಕ ಏರಲು ತೊಡಗಿದರೆ ಮೂರು ತಿಂಗಳು ಏರುತ್ತಿತ್ತು, ಇಳಿಯಲು ತೊಡಗಿದರೆ ಮೂರು ತಿಂಗಳು ಇಳಿಯುತ್ತಿತ್ತು. ಈಗ ಎರಡು ವರ್ಷಗಳಿಂದ ಹಾಗಿಲ್ಲ. ಹತ್ತು ದಿನ ಏರಿ, ನಿಯಮ ತುಂಬು ಎಂದ ಮಾರನೆಯ ವಾರವೇ ಇಳಿಯುತ್ತದೆ. ತೆರೆ ಎಂದ ಮೇಲೆ ಮತ್ತೆ ಏರುತ್ತದೆ. ಕೆಲವರು ಹೊಸ ಕಾಂಕ್ರೀಟ್ ರಸ್ತೆಯಿಂದ ಎಂದರು, ಕೆಲವರು ಗುಡ್ಡ ಕಡಿದದ್ದರಿಂದ ಎಂದರು. ಒಂದು ಕಾಲದಲ್ಲಿ ಇಡೀ ಪೇಟೆ ನಿಯಮದಂತೆ ನಡೆಯುತ್ತಿತ್ತು. ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಉಳಿದವರು ಹುಣಸೆ ಕುಟ್ಟುವ ನಲವತ್ತು ಹೆಂಗಸರು ಮಾತ್ರ.

ಅವರು ಹಿಂದೆ ಸಾಂಬಣ್ಣನೆಂಬ ಅಡತಿ ವ್ಯಾಪಾರಿಯ ಅಂಗಳದಲ್ಲಿ ಕೂಲಿಗೆ ಕುಟ್ಟುತ್ತಿದ್ದರು. ಬಿಸಿಲಿನಲ್ಲಿ ಕುಳಿತು ಕೊಡತಿಯಿಂದ ಹುಣಸೆ ಒಡೆದು, ಬೀಜ ಉದುರಿಸಿ, ನಾರು ಎಳೆದು, ಹುಳಿಗೆ ಬಿರಿದ ಬೆರಳುಗಳನ್ನು ಸೆರಗಿನಲ್ಲಿ ಒತ್ತಿಕೊಂಡು. ಒಂಬತ್ತು ವರ್ಷಗಳ ಹಿಂದೆ ಕಾಶೀಬಾಯಿ ಎಂಬ ಹೆಂಗಸು ಎಲ್ಲರನ್ನೂ ಎಬ್ಬಿಸಿಕೊಂಡು ಬಂದು ಸಾಂಬಣ್ಣನ ಹಳೆಯ ಗೋದಾಮನ್ನೇ ಬಾಡಿಗೆಗೆ ಹಿಡಿದಳು. ಅಂದಿನಿಂದ ಅವರು ಕುಟ್ಟುವುದು ತಮ್ಮದೇ ಹುಣಸೆಯನ್ನು, ತಮ್ಮದೇ ನೆರಳಿನಲ್ಲಿ. ನಿಯಮದ ಹೊತ್ತಿಗೆ ತುಂಬಿ, ನಿಯಮದ ಹೊತ್ತಿಗೆ ತೆರೆದು, ತಲೆಗೆ ನಾಲ್ಕು ಚೀಲದಿಂದ ಏಳೂವರೆ ಚೀಲದವರೆಗೆ ಬೆಳೆದರು. ಅವರು ಇದ್ದುದನ್ನೆಲ್ಲ ಚೀಲದಲ್ಲೇ ಹೇಳುತ್ತಿದ್ದರು, ಕೈಯಲ್ಲಿರುವುದು ನೋಟಾಗಿದ್ದರೂ. ಅವರಿಗಾಗಿ ನಿಯಮದ ವಹಿ ಬರೆಯುವವಳು ನಾನು. ಕರಾರು ಬರೆದವಳೂ ನಾನೇ. 'ಒಟ್ಟು ಇನ್ನೂರು ಚೀಲಕ್ಕಿಂತ ಕಡಿಮೆಯಾದ ದಿನ ಗೋದಾಮನ್ನು ಬಿಟ್ಟುಕೊಟ್ಟು, ಉಳಿದುದನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು.' ತಲೆಗೆ ಐದು ಚೀಲವಾದರೂ ಮನೆ ಸೇರಲಿ ಎಂಬ ನನ್ನ ಎಚ್ಚರ ಅದು. ಆಗ ಮುನ್ನೂರು ಚೀಲವಿತ್ತು, ಆ ವಾಕ್ಯ ಎಂದಾದರೂ ನಮ್ಮನ್ನು ಮುಟ್ಟೀತು ಎಂದು ಯಾರೂ ಅಂದುಕೊಂಡಿರಲಿಲ್ಲ.

ಎರಡು ವರ್ಷಗಳಲ್ಲಿ ಐದು ಸಲ ತುಂಬಿದೆವು, ಐದು ಸಲವೂ ಕೊಂಡುದಕ್ಕಿಂತ ಕಡಿಮೆ ತೂಕಕ್ಕೆ ತೆರೆದೆವು. ಇನ್ನೂರ ಹನ್ನೆರಡು ಉಳಿಯಿತು. ಸಾಂಬಣ್ಣ ದಿನಾ ಗೋದಾಮಿನ ಮುಂದೆ ಹಾಯುತ್ತಿದ್ದ.

"ಕಾಶೀಬಾಯಿ, ನಮ್ಮ ಅಂಗಳ ಕಸ ಹೊಡಿಸಿ ಇಟ್ಟೀನಿ," ಎಂದ ಒಂದು ದಿನ. "ನಿಮ್ಮ ಜಾಗ ಹಂಗ ಐತಿ."

"ನಿಮ್ಮ ಅಂಗಳದ ಕಸ ನಾವ ಅಂತ ತಿಳಕೊಂಡಿದ್ದೆ ಸಾವಕಾರ. ಮತ್ಯಾರ್ನ ಹೊಡಿಸಿದ್ರಿ?" ಎಂದಳು ಕಾಶೀಬಾಯಿ.

ಸಾಂಬಣ್ಣ ನಕ್ಕ. ನನ್ನ ಕಡೆ ತಿರುಗಿ, "ಅಕ್ಕಾರ, ನೀವು ಕಲಿತಾವರು. ಹೇಳ್ರಿ ಇವರಿಗೆ. ಒಬ್ಬ ಮಾಸ್ತರಗ ಗೊತ್ತಿದ್ದಾಗ ಅದು ನಿಯಮ. ಊರಿಗೆಲ್ಲ ಗೊತ್ತಾದ ಮ್ಯಾಲ ಬರೇ ಸಂತಿ. ಎಲ್ಲಾರೂ ಒಂದ ಬಾಗಲಾಗ ಹೊಕ್ಕರ ಹೊರಗ ಬರೂದು ಹೆಂಗ?" ಎಂದ.

"ಈಗ ಯಾರೂ ನಡೆಯುತ್ತಿಲ್ಲವಲ್ಲ, ನಾವಷ್ಟೇ," ಎಂದೆ.

"ಅದಕ್ಕ ಹೇಳಾಕತ್ತೀನಿ. ಯಾರೂ ಇಲ್ಲದ ಬಾಗಲಾಗ ನೀವು ಯಾಕ ನಿಂತೀರಿ?"

ಅವನು ಹೇಳಿದ ಎರಡೂ ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಆದರೂ ಎರಡೂ ನನ್ನನ್ನು ಕುಟುಕುತ್ತಲೇ ಇದ್ದವು.

ಆರನೆಯ ಸಲ ತುಂಬಿದ್ದು ಕಲ್ಲು ಮೂವತ್ತಾರು ತೂಗಿದ ದಿನ. ಅರ್ಧ, ಎಂದರೆ ನೂರ ಆರು ಚೀಲ. ಕಲ್ಲು ಮೂವತ್ತೇಳೂವರೆಯವರೆಗೆ ಹೋಗಿ ಮತ್ತೆ ಇಳಿಯತೊಡಗಿತು. ಮೂವತ್ತೈದು. ಮೂವತ್ತನಾಲ್ಕು. ಒಂದು ದಿನ ಮೂವತ್ತೆರಡು ಮುಟ್ಟಿ, ಕೊಂಚ ಮೇಲೆದ್ದು, ಒಂದು ವಾರ ಮೂವತ್ತೆರಡೂ ಕಾಲಿನ ಆಸುಪಾಸಿನಲ್ಲಿ ತೂಗಾಡಿತು. ಇಪ್ಪತ್ತು ದಿನಗಳ ಅತಿ ಕಡಿಮೆ ಆ ಮೂವತ್ತೆರಡೇ. ಅದಕ್ಕಿಂತ ಕಾಲು ಕಿಲೋ ಕಡಿಮೆಯಾದರೂ ತೆರೆ. ಹಾಗೆ ತೆರೆದರೆ ಉಳಿದರ್ಧದ ನೋಟೂ ಸೇರಿ ಒಟ್ಟು ಎಷ್ಟು ಉಳಿಯುತ್ತದೆ ಎಂದು ವಹಿಯ ಕೊನೆಯ ಹಾಳೆಯಲ್ಲಿ ಗುಣಿಸಿ ನೋಡಿದೆ. ನೂರ ತೊಂಬತ್ತೊಂಬತ್ತು. ಮತ್ತೆ ಗುಣಿಸಿದೆ. ನೂರ ತೊಂಬತ್ತೊಂಬತ್ತೇ.

ಆ ಬೆಳಿಗ್ಗೆ ಕಮಾನಿನ ಮುಂದೆ ನಲವತ್ತೂ ಜನ ಬಂದಿದ್ದರು. ಯಾವತ್ತೂ ನಾಲ್ಕೈದು ಮಂದಿ ಬರುತ್ತಿದ್ದರು ಅಷ್ಟೇ. ನಾನು ಯಾರಿಗೂ ಆ ಗುಣಾಕಾರ ಹೇಳಿರಲಿಲ್ಲ, ಆದರೆ ನಡೆಯುವಾಗ ಕಾಲು ಹಗುರಾಗಿದ್ದು ಎಲ್ಲರಿಗೂ ತಿಳಿದಿತ್ತು. ಮಹಿಬೂಬಸಾಬ ಬಿಸ್ಮಿಲ್ಲಾ ಎಂದು ಕಲ್ಲೆತ್ತಿ ಹಾಕಿದ. ನಾನು ಗೋಡೆಯ ಸಂದಿಗೆ ಹೋಗಿ ನಿಂತೆ. ಮುಳ್ಳು ಅಲುಗಾಡಿ ನಿಂತಿತು. ಮೂವತ್ತೊಂದೂ ಮುಕ್ಕಾಲು.

ತಕ್ಕಡಿಯ ಪಕ್ಕದಿಂದ ಕಾಶೀಬಾಯಿಯ ಕಾಲುಗಳು ಕಾಣುತ್ತಿದ್ದವು. ಜಾರದಂತೆ ಕಾಲುಂಗುರಕ್ಕೆ ದಾರ ಸುತ್ತಿಕೊಂಡಿದ್ದಳು. ನಾನು ಬಾಯಿ ತೆರೆದೆ. ನನ್ನ ಧ್ವನಿ ಯಾವತ್ತಿನಂತೆಯೇ ಬಂತು.

"ಮೂವತ್ತೆರಡು."

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಮೂವತ್ತೆರಡಕ್ಕೆ ಮೂವತ್ತೆರಡು ಸಮ, ಕಡಿಮೆಯಲ್ಲ. ಬಾಗಿಲು ತೆರೆಯಬೇಕಿಲ್ಲ. ನಾನು ವಹಿಯಲ್ಲಿ ಬರೆದೆ, ದುಂಡಗೆ, ಯಾವತ್ತಿನಂತೆ. ಮಹಿಬೂಬಸಾಬ ಕಲ್ಲು ಇಳಿಸುತ್ತ, "ಇವತ್ತು ನನಗ ಇನ್ನೂ ಹಗರ ಅನಿಸಿತ್ರೀ ಅಕ್ಕಾರ," ಎಂದ. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. "ಆದ್ರ ನನ್ನ ರಟ್ಟಿನೂ ಹಗರಾಗಿರ್ತಾವಲ್ಲ, ಏನ ತಿಳಿತೈತಿ," ಎಂದು ತಾನೇ ನಕ್ಕು ಹೋದ.

ಸುಳ್ಳು ಹೇಳುವವರು ಯಾವಾಗಲೂ ದುರಾಸೆಯಿಂದ ಹೇಳುತ್ತಾರೆ ಎಂದು ತಿಳಿದಿದ್ದೆ. ನನಗೆ ಇದ್ದದ್ದು ಬರೀ ಹೆದರಿಕೆ. ಆ ಸಂಖ್ಯೆ ನನ್ನ ಬಾಯಿಂದ ಬರಬಾರದು ಎಂಬುದಷ್ಟೇ. ನಾಳೆ ಇನ್ನೂ ಇಳಿದರೆ ನಿಜ ಹೇಳೋಣ, ಒಂದು ದಿನ ಅಷ್ಟೇ, ಎಂದುಕೊಂಡೆ. ನಾಳೆ ಇನ್ನೂ ಇಳಿದರೆ ನೂರ ತೊಂಬತ್ತೊಂಬತ್ತೂ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ಕಲ್ಲು ಮೂವತ್ತೆರಡೂವರೆ ತೂಗಿತು. ಅದರ ಮರುದಿನ ಮೂವತ್ತಮೂರು. ಆಮೇಲೆ ನಿಲ್ಲಲೇ ಇಲ್ಲ.

ಅಂಥ ಭಾರ ನಾನು ಕಂಡಿರಲಿಲ್ಲ. ನಲವತ್ತು ದಾಟಿತು, ನಲವತ್ತೈದು ದಾಟಿತು. ಕಂಬಗಳ ತಂತಿಗಳು ತಲೆಗೆ ತಗಲುವಷ್ಟು ಜೋತುಬಿದ್ದವು. ಶಾಲೆಗೆ ಪಾಟೀಚೀಲ ತರುವುದು ಬೇಡ ಎಂದರು. ಹಕ್ಕಿಗಳು ಗಿಡದಿಂದ ಗಿಡಕ್ಕೆ ಹಾರುವ ಬದಲು ನಡೆದುಕೊಂಡು ಹೋಗುತ್ತಿದ್ದವು. ಬಸುರಿಯರನ್ನು ಗಡಿಯಾಚೆಯ ನೆಂಟರ ಮನೆಗೆ ಕಳಿಸಿದರು. ಮನೆಯೊಳಗೆ ಜನ ಗೋಡೆ ಹಿಡಿದು ಓಡಾಡಿದರು. ಆದರೆ ಗೋದಾಮಿನಲ್ಲಿ ಮಾತ್ರ ಹೆಂಗಸರು ಏದುಸಿರು ಬಿಡುತ್ತಲೇ ನಗುತ್ತಿದ್ದರು. ಮೂವತ್ತಾರಕ್ಕೆ ಕೊಂಡ ನೂರ ಆರು ಚೀಲ ಮೂಲೆಯಲ್ಲಿ ಕುಳಿತು ದಿನದಿನಕ್ಕೆ ತೂಕ ಏರಿಸಿಕೊಳ್ಳುತ್ತಿತ್ತು.

ಗುರುಪಾದ ಮಾಸ್ತರರು ಆಗ ಹಾಸಿಗೆ ಹಿಡಿದಿದ್ದರು. ಎಂಬತ್ತನಾಲ್ಕು ವರ್ಷದ ಎದೆಗೆ ತನ್ನದೇ ಪಕ್ಕೆಲುಬು ಎತ್ತುವುದು ಕಷ್ಟವಾಗಿತ್ತು. ಮಗ್ಗುಲು ಬದಲಿಸಲು ಇಬ್ಬರು ಬೇಕು. ಕಲ್ಲು ಐವತ್ತೆರಡು ತೂಗಿದ ದಿನ ಮಧ್ಯಾಹ್ನ ನಾನು ಹೋದೆ. ಅವರ ಮಗಳು ಗಂಜಿ ಕುಡಿಸಿ ಒಳಗೆ ಹೋಗಿದ್ದಳು.

"ಎಷ್ಟು?" ಎಂದರು.

"ಐವತ್ತೆರಡು, ಸರ."

"ನನ್ನ ನಿಯಮ ನನ್ನ ಎದಿ ಮ್ಯಾಲ ಕುಂತೈತಿ ನೋಡ." ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಕಾದೆ. "ನಡೀತಲ್ಲ ಮತ್ತ? ಎರಡು ವರ್ಷ ಸತ್ತೈತಿ ಅಂದ್ರು. ನಡೀತಲ್ಲ?"

ಆಗ ಹೇಳಿಬಿಟ್ಟೆ. ಬಂದಾಗ ಹೇಳಬೇಕೆಂದು ನಿರ್ಧರಿಸಿರಲಿಲ್ಲ. ಮೂವತ್ತೊಂದೂ ಮುಕ್ಕಾಲು ಎಂದು ಓದಿದ್ದು, ಮೂವತ್ತೆರಡು ಎಂದು ಕೂಗಿದ್ದು, ಎಲ್ಲ. ಹೇಳುತ್ತ ಅವರ ಮುಖ ನೋಡಲಿಲ್ಲ. ಮಂಚದ ಕೆಳಗೆ ನೆಲ ಮುಟ್ಟುತ್ತಿದ್ದ ಹಗ್ಗಗಳನ್ನು ನೋಡುತ್ತಿದ್ದೆ. ಅವರು ಬೈಯುತ್ತಾರೆ ಎಂದುಕೊಂಡೆ. ಅವರು ತರಗತಿಯಲ್ಲಿ ಕೇಳುತ್ತಿದ್ದ ಧ್ವನಿಯಲ್ಲಿ ಕೇಳಿದರು.

"ಅವತ್ತು ತೆರದಿದ್ರ, ಮತ್ತ ತುಂಬು ಬರೂದು ಯಾವಾಗ?"

"ಸರ?"

"ಐವತ್ತು ದಿನದ ಮ್ಯಾಲಿನದು ಎಷ್ಟಿತ್ತು?"

"ಮೂವತ್ತೇಳೂವರೆ."

"ಅದನ್ನ ದಾಟಿದ್ದು?"

"ಮೂವತ್ತೆಂಟಕ್ಕೆ. ಹನ್ನೆರಡು ದಿನದ ಮೇಲೆ."

"ಹಂಗಾರ ಮೂವತ್ತೆಂಟಕ್ಕ ಮತ್ತ ಒಳಗ ಬರ್ತಿದ್ರಿ. ಈಗ ಐವತ್ತೆರಡು. ಸ್ವಲ್ಪ ಕಡಿಮಿ, ಆದರ ಬರ್ತಿದ್ರಿ." ಉಸಿರು ಎಳೆದುಕೊಂಡರು. "ನಿಯಮ ಸಾಯ್ತಿರಲಿಲ್ಲ ನೀಲಾ."

"ಆದರೆ ಕರಾರು ಇತ್ತಲ್ಲ ಸರ. ಒಂದು ಚೀಲ ಕಡಿಮೆಯಾಗಿತ್ತು. ಹನ್ನೆರಡು ದಿನ ಕಾಯಲು ಗೋದಾಮೇ ಇರುತ್ತಿರಲಿಲ್ಲ."

"ಅದ. ನಿಯಮ ನಡೀತೈತಿ. ಅದು ನಡಿಯೂದನ್ನ ನೋಡಾಕ ನಾವು ಇರಬೇಕಲ್ಲ." ಕಣ್ಣು ಮುಚ್ಚಿಕೊಂಡರು. ಮಲಗಿದರು ಎಂದುಕೊಂಡು ನಾನು ಏಳುವಾಗ ಮತ್ತೆ ಮಾತಾಡಿದರು. "ಅರ್ಧ ಅಂತ ಇಟ್ಟಿದ್ದು ನಾನು. ನನ್ನ ಕಾಲದ ತೂಕಕ್ಕ ಅರ್ಧ ಸರಿ ಇತ್ತು. ಈಗಿನ ಕುಣಿತಕ್ಕ ಅದು ಹೆಚ್ಚಾತು. ಅದನ್ನ ನಾ ನೋಡಲಿಲ್ಲ, ನೀನೂ ನೋಡಲಿಲ್ಲ. ಸುಳ್ಳು ಹೇಳಿ ಮುಚ್ಚಿದಿ."

ಬೈಗುಳವೆಂದರೆ ಅದಷ್ಟೇ. ಕಲ್ಲು ಅರವತ್ತು ತೂಗಿದ ದಿನ ಮಾಸ್ತರರು ತೀರಿಕೊಂಡರು. ನಾಲ್ವರು ಹೊರುವ ಚಟ್ಟಕ್ಕೆ ಹನ್ನೆರಡು ಮಂದಿ ಹೆಗಲು ಕೊಟ್ಟರು. ಹತ್ತು ಹೆಜ್ಜೆಗೊಮ್ಮೆ ಇಳಿಸಿದರು. ಮಹಿಬೂಬಸಾಬ ಮುಂದಿನ ಬಿದಿರಿಗೆ ಹೆಗಲು ಕೊಟ್ಟು, ಕಣ್ಣೀರು ಒರೆಸಲು ಕೈ ಬಿಡುವಿಲ್ಲದೆ, ಹಾಗೆಯೇ ನಡೆದ. ನಾನು ಹಿಂದೆ ನಡೆಯುತ್ತ ಒಂದು ನೀಚ ವಿಚಾರ ಮಾಡಿದೆ: ಈಗ ಇದು ನನಗೊಬ್ಬಳಿಗೇ ಗೊತ್ತು.

ಅರವತ್ತರ ಮೇಲೆ ಇಳಿಯತೊಡಗಿತು. ಐವತ್ತನಾಲ್ಕಕ್ಕೆ ತೆರೆ ಬಂತು. ನಿಜವಾದ ಐವತ್ತನಾಲ್ಕನ್ನು ನಿಜವಾಗಿಯೇ ಕೂಗಿದೆ. ಲಾರಿಗಳು ಬಂದವು, ಚೀಲಗಳು ಹೋದವು. ಎಲ್ಲ ಸೇರಿ ಇನ್ನೂರ ಅರವತ್ತೈದು. ಕಾಶೀಬಾಯಿ ಪೇಢೆ ತರಿಸಿ ಹಂಚಿದಳು. ಒಂದು ಡಬ್ಬಿ ಸಾಂಬಣ್ಣನ ಅಂಗಡಿಗೂ ಕಳಿಸಿದಳು. ಅವನು ತಿಂದು, ಡಬ್ಬಿ ವಾಪಸು ಕಳಿಸಿ, 'ಸಕ್ಕರಿ ಜಾಸ್ತಿ ಆಗೇತಿ' ಎಂದು ಹೇಳಿಕಳಿಸಿದನಂತೆ.

ಮುಂದಿನ ಸೋಮವಾರ ಗೋದಾಮಿನಲ್ಲಿ ಸಭೆ. ನಲವತ್ತು ಜನ ಚಾಪೆಯ ಮೇಲೆ, ನಾನು ವಹಿ ಹಿಡಿದು ಗೋಡೆಗೆ ಒರಗಿ. ಕಾಶೀಬಾಯಿ ಎದ್ದು ನಿಂತಳು.

"ಎರಡು ವರ್ಷ ಪ್ಯಾಟ್ಯಾಗ ನಗಿಸಿಕೊಂಡ್ವಿ. ನಿಯಮ ಬಿಡ್ರಿ, ನಿಯಮ ಬಿಡ್ರಿ ಅಂದ್ರು. ಬಿಟ್ವೇನು? ಅವತ್ತು ಮೂವತ್ತೆರಡು ಅಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಕಾಲು ಕಿಲೋ ಹೆಚ್ಚುಕಡಿಮಿ ಆಗಿದ್ರ ಇವತ್ತು ಸಾಂಬಣ್ಣನ ಅಂಗಳದಾಗ ಕುಂದ್ರತಿದ್ವಿ. ಅದು ನಿಯಮ ಅಂದ್ರ. ಅದಕ್ಕ ಗೊತ್ತಿತ್ತು. ನಾ ಹೇಳೂದು ಏನಂದ್ರ, ಮುಂದಿನ ಸಲ ಅರ್ಧ ಯಾಕ? ಇಡೀ ತುಂಬೂಣು. ಮನ್ಯಾಗ ಕೂಡಿಟ್ಟದ್ದೂ ತರೂಣು."

"ನನ್ನ ಮಗಳ ಲಗ್ನಕ್ಕ ಇಟ್ಟದ್ದೈತಿ," ಎಂದಳು ಒಬ್ಬಳು.

"ತಾ. ಡಬಲ್ ಮಾಡಿ ಲಗ್ನ ಮಾಡೂಣು. ಬೀಗರಿಗೆ ಬೆಳ್ಳಿ ತಾಟ ಕೊಡೂಣು."

ಎಲ್ಲರೂ ನಕ್ಕರು. ಇಡೀ ತುಂಬುವುದಕ್ಕೆ ಒಪ್ಪಿದವರು ಕೈ ಎತ್ತಿರಿ ಎಂದಳು. ಕೈಗಳು ಏಳುತ್ತಿದ್ದವು. ಹುಳಿಗೆ ಬಿರಿದು ಕಪ್ಪಾದ ಬೆರಳುಗಳು. ಮಗಳ ಲಗ್ನಕ್ಕೆ ಇಟ್ಟಿದ್ದವಳ ಕೈ ಅರ್ಧ ಎದ್ದು ನಿಂತಿತ್ತು, ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಕಲಿತವಳು ಎಂದು.

"ಇಳಿಸಿ," ಎಂದೆ. "ಕೈ ಇಳಿಸಿರಿ. ಅವತ್ತು ಮೂವತ್ತೆರಡು ಇರಲಿಲ್ಲ."

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ವಹಿ ತೆರೆದು ಆ ದಿನದ ಸಾಲು ತೋರಿಸಿದೆ, ಓದಲು ಬಾರದವರಿಗೂ ಬೆರಳಿಟ್ಟು ತೋರಿಸಿದೆ. ಮಾಸ್ತರರು ಹೇಳಿದ್ದನ್ನೂ ಹೇಳಿದೆ. ನಿಯಮದಂತೆ ತೆರೆದು, ಮತ್ತೆ ಮೂವತ್ತೆಂಟಕ್ಕೆ ತುಂಬಿ, ಐವತ್ತನಾಲ್ಕಕ್ಕೆ ಮಾರಿದ್ದರೆ ಇನ್ನೂರ ನಲವತ್ತೊಂದು ಚೀಲವಾಗುತ್ತಿತ್ತು. ಆದರೆ ಕರಾರಿನಂತೆ ನಡೆದಿದ್ದರೆ ಗೋದಾಮೇ ಇರುತ್ತಿರಲಿಲ್ಲ. ಗೆದ್ದದ್ದು ನಿಯಮವಲ್ಲ, ನಿಯಮ ಸೋತದ್ದೂ ಅಲ್ಲ. ಆ ದಿನ ನಡೆದದ್ದು ನನ್ನ ಹೆದರಿಕೆ ಅಷ್ಟೇ, ಅದಕ್ಕೆ ಮರುದಿನದ ತೂಕ ದಯೆ ತೋರಿತು. ಅದನ್ನು ನಂಬಿ ಮಗಳ ಲಗ್ನದ ದುಡ್ಡು ತರಬೇಡಿ. ಹಾಗೆ ಹೇಳುತ್ತ ಹೋದೆ. ಮಾತು ಮುಗಿದ ಮೇಲೂ ನಿಂತೇ ಇದ್ದೆ.

ಮೊದಲು ಮಾತಾಡಿದವಳು ಕಾಶೀಬಾಯಿ. ಒಂಬತ್ತು ವರ್ಷಗಳಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಅಂದ್ರ ನಾವು ಉಳಿದಿದ್ದು ನಿನ್ನ ಸುಳ್ಳಿನಿಂದ."

"ಹೌದು."

"ಹಂಗಾರ ನಿನಗ ಕೈ ಮುಗೀಬೇಕೇನು ನಾವು?"

"ಇಲ್ಲ."

"ಮತ್ತ ಯಾಕ ಹೇಳಿದಿ ಈಗ? ಸುಮ್ಮಕಿದ್ರ ಯಾರಿಗೆ ಗೊತ್ತಾಗತಿತ್ತು? ಸುಮ್ಮಕಿದ್ರ ನಾವು ದೇವರಂಗ ನಂಬತಿದ್ವಿ ನಿನ್ನ."

"ಅದಕ್ಕೇ ಹೇಳಿದೆ."

ಹಿಂದಿನ ಸಾಲಿನಿಂದ ಯಾರೋ, "ಇಕಿನ್ನ ಹೊರಗ ಹಾಕ್ರಿ ಮೊದಲ," ಎಂದರು. ಇನ್ಯಾರೋ, "ಹೊರಗ ಹಾಕಿ ಕೂಗಾಕ ಸಾಂಬಣ್ಣನ್ನ ಕರೀರಿ," ಎಂದರು. ಯಾರೂ ನಗಲಿಲ್ಲ. ವಾದ ಮಧ್ಯಾಹ್ನದವರೆಗೆ ನಡೆಯಿತು. ನಿಯಮವನ್ನೇ ಬಿಡಬೇಕು ಎಂದವರಿದ್ದರು. ಬಿಟ್ಟು ಏನು ಹಿಡಿಯಬೇಕು ಎಂದು ಉಳಿದವರು ಕೇಳಿದರು. ಕಾಲಿಗೆ ಅನ್ನಿಸಿದಂತೆ ತುಂಬೋಣ ಎಂದಳು ಒಬ್ಬಳು. ಯಾರ ಕಾಲಿಗೆ, ಎಂದು ಮೂವರು ಒಟ್ಟಿಗೆ ಕೇಳಿದರು.

ಕೊನೆಗೆ ಆದದ್ದು ಇದು. ನಿಯಮ ಇರುತ್ತದೆ, ಆದರೆ ಅರ್ಧದ ಬದಲು ಆರರಲ್ಲೊಂದು ಪಾಲು ಮಾತ್ರ ತುಂಬುವುದು. ಹತ್ತು ಸಲ ಸೋತರೂ ಹನ್ನೊಂದನೆಯ ಸಲ ಇರಬೇಕು, ಅಷ್ಟು. ಬೆಳ್ಳಿ ತಾಟು ಬರುವುದಿಲ್ಲ. ನನ್ನಿಂದ ಕೂಗುವ ಕೆಲಸ ತೆಗೆದುಕೊಂಡು ಕಾಶೀಬಾಯಿಗೆ ಕೊಟ್ಟರು. ಪೇಟೆಯವರೂ ಅದಕ್ಕೆ ಒಪ್ಪಿದರು, ಏಕೆಂದರೆ ಅವಳು ಯಾರ ಮುಖವನ್ನೂ ನೋಡುವವಳಲ್ಲ ಎಂದು ಹೆಸರಾಗಿದ್ದಳು. ಹೊರಡಲು ನಾನು ಚಪ್ಪಲಿ ಹುಡುಕುತ್ತಿದ್ದಾಗ ಅವಳು ಹಿಂದಿನಿಂದ ಕೂಗಿದಳು.

"ಎಲ್ಲಿಗೆ ಹೊಂಟಿ? ಹದಿನಾರು ವರ್ಷ ಬರಕೊಂತ ಕುಂತಿದಿ. ನಾಳೆ ಬಂದು ಕುಟ್ಟು. ಕೈ ಹುಳಿ ಆಗಲಿ ಸ್ವಲ್ಪ."

ಮರುದಿನ ಹೋದೆ. ಮೊದಲ ವಾರ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಎರಡನೆಯ ವಾರ ಮಗಳ ಲಗ್ನದವಳು ಬಂದು ಕುಳಿತಳು, ಮಾತಾಡಲಿಲ್ಲ. ಮೂರನೆಯ ವಾರ ನನ್ನ ಬೆರಳು ಬಿರಿದಾಗ ಅವಳೇ ಕೊಬ್ಬರಿ ಎಣ್ಣೆ ಕೊಟ್ಟಳು. ನಾರು ಎಳೆಯುವಾಗ ಎಡಗೈ ಹೆಬ್ಬೆರಳನ್ನು ಎಲ್ಲಿಡಬೇಕು ಎಂದು ತೋರಿಸಿದಳು. ನಾನು ಈಗಲೂ ಅವರಲ್ಲಿ ಅರ್ಧದಷ್ಟು ಕುಟ್ಟುತ್ತೇನೆ.

ಮೂರು ತಿಂಗಳ ಮೇಲೆ ತುಂಬು ಬಂತು, ನಲವತ್ತನಾಲ್ಕಕ್ಕೆ. ನಲವತ್ತನಾಲ್ಕು ಚೀಲ ಒಳಗೆ ಬಂದವು. ಕಲ್ಲು ಎರಡು ವಾರ ಏರಿ ಮತ್ತೆ ಇಳಿಯತೊಡಗಿತು. ಇಪ್ಪತ್ತು ದಿನಗಳ ಅತಿ ಕಡಿಮೆ ನಲವತ್ತೊಂದು. ಅದರ ಹತ್ತಿರ ಬರುತ್ತಿದ್ದಂತೆ ನನಗೆ ಊಟ ಸೇರಲಿಲ್ಲ. ಈ ಸಲ ಗೋದಾಮು ಹೋಗುವ ಭಯವಿರಲಿಲ್ಲ, ಸೋತರೂ ಮೂರು ಚೀಲ. ಆದರೆ ಗೆದ್ದ ಮೇಲಿನ ಮೊದಲ ಸೋಲು, ಅದೂ ಕಾಶೀಬಾಯಿಯ ಬಾಯಿಂದ. ಪೇಢೆ ಹಂಚಿದವಳ ಬಾಯಿಂದ.

ಆ ಬೆಳಿಗ್ಗೆ ನಾನು ಎಲ್ಲರೊಂದಿಗೆ ಕಮಾನಿನ ಈಚೆ ನಿಂತಿದ್ದೆ. ಹದಿನಾರು ವರ್ಷಗಳಲ್ಲಿ ನಾನು ಈ ಕಡೆಯಿಂದ ನೋಡಿರಲೇ ಇಲ್ಲ. ಈಚೆ ನಿಂತವರಿಗೆ ಕಲ್ಲು ಕಾಣುತ್ತದೆ, ತಕ್ಕಡಿಯ ಬೆನ್ನು ಕಾಣುತ್ತದೆ, ಓದುವವರ ಸೀರೆಯ ಅಂಚು ಕಾಣುತ್ತದೆ. ಅಷ್ಟೇ. ಸಾಂಬಣ್ಣ ತನ್ನ ಅಂಗಡಿಯ ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಿದ್ದ. ಮಹಿಬೂಬಸಾಬ ಕಲ್ಲು ಹಾಕಿ ಸರಿದ. ಅದು ತೂಗಾಡಿ ನಿಂತಿತು.

ಕಾಶೀಬಾಯಿ ಕೂಗಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಹೋಯಿತು, ಎರಡು ಉಸಿರಿನಷ್ಟು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಇಕ್ಕಟ್ಟಿನಲ್ಲಿ ಏನಾಗುತ್ತಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವಳ ಪರವಾಗಿ ನಾನು ಏನನ್ನು ಬೇಡಿಕೊಳ್ಳಬೇಕು ಎಂದು ತಿಳಿಯಲಿಲ್ಲ.

"ನಲವತ್ತೂ ಮುಕ್ಕಾಲು," ಎಂದು ಅವಳ ಧ್ವನಿ ಬಂತು, ಕೊಂಚ ಒಡೆದು.

ಅವಳು ಸಂದಿಯಿಂದ ಹೊರಗೆ ಬಂದಳು. ಹಣೆಯ ಬೆವರನ್ನು ಸೆರಗಿನಿಂದ ಒತ್ತಿಕೊಂಡು, ಯಾರ ಕಡೆಯೂ ನೋಡದೆ ನೇರ ಗೋದಾಮಿಗೆ ನಡೆದಳು. ನಾವು ಹಿಂದೆ ಹೋದೆವು. ಅವಳು ಬಾಗಿಲು ತಳ್ಳಿ ಒಳಗೆ ಹೋಗಿ ಮೊದಲ ಚೀಲದ ಒಂದು ಕಿವಿ ಹಿಡಿದು ನಿಂತಳು. ಇನ್ನೊಂದು ಕಿವಿ ಹಿಡಿಯಲು ನಾನೇ ಹತ್ತಿರವಿದ್ದೆ.

"ಎತ್ತು ನೀಲವ್ವ," ಎಂದಳು. "ಹಗರ ಐತಿ."